ಚುಕ್ಕಿ ಬೀಳದ ಜಾಗ

ಅತ್ತೆಯ ಒಂದಿಡೀ ದಿನದ ಎದೆಬಡಿತ ಸೊಸೆಯ ಕಂಪ್ಯೂಟರಿನಲ್ಲಿತ್ತು. ಆದರೆ ಅದನ್ನು ತೆರೆಯಲು ಹೋದರೆ ಕಂಪ್ಯೂಟರೇ ಕಲ್ಲಾಗಿ ಕೂರುತ್ತಿತ್ತು.

ಅತ್ತೆಗೆ ಈಚೆಗೆ ಆಗಾಗ ಕಣ್ಣು ಕತ್ತಲೆ ಬರುತ್ತಿತ್ತು. ಒಮ್ಮೆ ಮೆಟ್ಟಿಲ ಮೇಲೆ ಬಿದ್ದೂ ಆಗಿತ್ತು. ಡಾಕ್ಟರು ಎದೆಗೆ ಪುಟ್ಟ ಯಂತ್ರವೊಂದನ್ನು ಅಂಟಿಸಿ ಕಳಿಸಿದ್ದರು. ಮರುದಿನ ಬಿಚ್ಚಿ, ಅದು ಬರೆದಿಟ್ಟ ಫೈಲನ್ನು ಡಾಕ್ಟರು ತಮ್ಮ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ಬಿಳುಚಿಕೊಂಡು ನಿಂತಿತು. ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. "ಯಾವ ಪುಣ್ಯಾತ್ಮರು ಮಾಡಿದ್ದೋ ಈ ಪ್ರೋಗ್ರಾಂ" ಎಂದು ಅವರು ಗೊಣಗಿದಾಗ ಸೊಸೆ ನೆಲ ನೋಡಿದಳು. ಮಾಡಿದ್ದು ಅವಳ ಕಂಪನಿ. ಅದರೊಳಗೆ, ಬಡಿತಗಳನ್ನೆಲ್ಲ ಎಕ್ಸ್‌ಎಂಎಲ್ ಎಂಬ ಮಾದರಿಯಲ್ಲಿ ಬರೆದಿಟ್ಟ ಫೈಲನ್ನು ಓದುವ ಪಾರ್ಸರ್ ಎಂಬ ಭಾಗವಂತೂ ಅವಳದೇ ಕೈಕೆಲಸ.

"ಮುಂದಿನ ವಾರ ನೋಡೋಣ" ಎಂದರು ಡಾಕ್ಟರು. ಅತ್ತೆಗೂ ಅದೇ ಬೇಕಿತ್ತು.

"ನಂಗೇನಾಗಿದೆ? ಬಡ್ಕೊಳ್ಳೋದು ಎದೆ ಕೆಲಸ, ಅದರ ಪಾಡಿಗೆ ಅದು ಬಡ್ಕೊಳ್ತಿದೆ. ನೀನು ಬಾ ಮನೆಗೆ."

ಸೊಸೆ ಅತ್ತೆಯನ್ನು ಮನೆಗೆ ಬಿಟ್ಟು, ಫೈಲ್ ಹಿಡಿದುಕೊಂಡು ನೇರ ಆಫೀಸಿಗೆ ಬಂದಳು. ಒಂದು ವಾರ ಕಾಯುವ ಧೈರ್ಯ ಅವಳಿಗಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಅವಳಿಗೆ ಗೊತ್ತಿತ್ತು. ಪಾರ್ಸರ್ ಇಡೀ ಫೈಲನ್ನು ಒಂದೇ ಗುಕ್ಕಿಗೆ ನುಂಗಲು ಹೋಗುತ್ತಿತ್ತು, ಮುಗಿಯುವವರೆಗೆ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಒಳಗೆ ಕೆಲಸ ನಡೆದಿದೆಯೋ ಎಲ್ಲ ಸತ್ತು ಬಿದ್ದಿದೆಯೋ ಹೊರಗೆ ಕೂತವರಿಗೆ ತಿಳಿಯುವಂತಿರಲಿಲ್ಲ. ಈಗ ಅದಕ್ಕೆ ಹೊಸ ಶಿಸ್ತು ಕಲಿಸಬೇಕು: ಒಂದು ತುಂಡು ಓದು, ಪರದೆಗೆ ದಾರಿ ಬಿಡು, ಇಲ್ಲಿಯವರೆಗೆ ಬಂದೆ ಎಂದು ಸುದ್ದಿ ಕಳಿಸು, ಆಮೇಲೆ ಮುಂದಿನ ತುಂಡು. ಅಸಿಂಕ್ರೊನಸ್ ಎಂಬ ನಾಲಿಗೆ ಹೊರಳದ ಹೆಸರಿನ ಹಿಂದಿರುವ ಸಂಗತಿ ಇಷ್ಟೇ. ಮೊದಲು ಸಾಲುಸಾಲಿಗೂ ಸುದ್ದಿ ಕಳಿಸುವಂತೆ ಮಾಡಿದಳು. ಪಾರ್ಸರ್ ಓದುವುದನ್ನು ಬಿಟ್ಟು ವರದಿ ಒಪ್ಪಿಸುವುದರಲ್ಲೇ ಮುಳುಗಿಹೋಯಿತು, ನಮ್ಮ ಎಷ್ಟೋ ಸಾಹೇಬರುಗಳ ಹಾಗೆ. ತುಂಡಿಗೊಂದೇ ಸುದ್ದಿ ಎಂದು ತಿದ್ದಿದ ಮೇಲೆ ಸರಿಹೋಯಿತು.

ಪರೀಕ್ಷೆಗೆಂದು ಪ್ರತಿ ಬಡಿತಕ್ಕೂ ಒಂದು ಚುಕ್ಕಿ, ಪ್ರತಿ ನಿಮಿಷಕ್ಕೂ ಒಂದು ಸಾಲು ಎಂದಿಟ್ಟು ಓಡಿಸಿದಳು.

ಚುಕ್ಕಿಗಳು ಬೀಳತೊಡಗಿದವು. ನಿದ್ದೆಯ ಹೊತ್ತಿನಲ್ಲಿ ವಿರಳವಾಗಿ, ಮೆಟ್ಟಿಲು ಹತ್ತುವಾಗ ಒತ್ತೊತ್ತಾಗಿ, ಅತ್ತೆ ತನ್ನನ್ನು ಬಯ್ಯುತ್ತಿದ್ದ ಹೊತ್ತಿನಲ್ಲಂತೂ ಒಂದರ ಮೇಲೊಂದು ಹತ್ತುವಂತೆ. ಅವಳಿಗೆ ನಗು ಬಂತು. ನಗುತ್ತಿದ್ದಂತೆಯೇ ಮೈ ಜುಮ್ಮೆಂದಿತು. ಯಾರೂ ಹೇಳದೆ, ಯಾರೂ ನೋಡದೆ, ಅತ್ತೆ ಮಲಗಿದಾಗಲೂ ಮಲಗದೆ ಇಷ್ಟೊಂದು ದುಡಿಮೆ. ಇದು ಒಂದು ದಿನದ್ದು ಮಾತ್ರ. ಅತ್ತೆಗೆ ಅರವತ್ತು ದಾಟಿತ್ತು. ಮುಂಗೋಪ, ಕೊಂಕು, ತನ್ನ ಜ್ವರದಲ್ಲಿ ಹಣೆ ಮೇಲಿಟ್ಟ ಒದ್ದೆ ಬಟ್ಟೆ, ಎಲ್ಲಕ್ಕೂ ಈ ಚುಕ್ಕಿಗಳೇ ಆಧಾರವಾಗಿದ್ದವು.

ಆಗ ಅದು ಕಂಡಿತು. ಮಧ್ಯಾಹ್ನದ ಒಂದು ಸಾಲಿನ ನಡುವೆ ಚುಕ್ಕಿಗಳೇ ಇಲ್ಲ.

ಎಡವಟ್ಟಾಯಿತು ಎಂದುಕೊಂಡಳು. ತುಂಡು ಮಾಡುವಾಗ ಗಡಿಯಲ್ಲಿ ಸಿಕ್ಕ ಬಡಿತಗಳನ್ನು ತನ್ನ ಪಾರ್ಸರ್ ಕಳೆದುಹಾಕಿದೆ. ಇಂಥ ಕೆಲಸದಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಅದು. ಬರೆದದ್ದನ್ನೆಲ್ಲ ಜಾಲಾಡಿದಳು. ತಪ್ಪು ಸಿಗಲಿಲ್ಲ. ಪಕ್ಕದ ಮೇಜಿನ ಹಿರಿಯರು, ಏನು ಕೇಳಿದರೂ ಪಾಠ ಶುರುಮಾಡುವುದರಿಂದ ಆಫೀಸಿನವರೆಲ್ಲ ಮೇಷ್ಟ್ರು ಎಂದು ಕರೆಯುವವರು, ಬಗ್ಗಿ ನೋಡಿದರು.

"ತುಂಡಿನ ಅಳತೆ ಬದಲಾಯಿಸಮ್ಮ. ತಪ್ಪು ನಿಂದಾದ್ರೆ ಗಡಿ ಸರಿದ ಹಾಗೆ ತೂತೂ ಸರಿಯತ್ತೆ."

ಅಳತೆ ಬದಲಾಯಿಸಿದಳು. ತೂತು ಅಲ್ಲೇ ಇತ್ತು. ಇನ್ನೂ ಚಿಕ್ಕದು ಮಾಡಿದಳು. ಅಲ್ಲೇ ಇತ್ತು. ಮೇಷ್ಟ್ರು ಯಾವ ಪಾಠವನ್ನೂ ಶುರುಮಾಡಲಿಲ್ಲ.

"ನಿನ್ನ ಪಾರ್ಸರ್ ಸರಿಯಾಗೇ ಓದ್ತಿದೆ" ಎಂದಷ್ಟೇ ಹೇಳಿದರು.

ಅವಳಿಗೆ ಹಿಂದಿನ ದಿನದ ಆ ಮಧ್ಯಾಹ್ನ ನೆನಪಾಯಿತು. ಇಬ್ಬರೂ ಒಗೆದ ಹೊದಿಕೆಯ ತುದಿ ಹಿಡಿದು ಮಡಿಸುತ್ತಿದ್ದರು. ಅತ್ತೆಯ ಕೈಯಿಂದ ತುದಿ ಜಾರಿತ್ತು. ಗೋಡೆಗೆ ಒರಗಿ ಸುಮ್ಮನೆ ನಿಂತವರು, ಕೊಂಚ ತಡೆದು, "ಅಷ್ಟು ಜೋರಾಗಿ ಎಳೀತಾರೇನೇ?" ಎಂದಿದ್ದರು. ತಾನು ಎಳೆದೇ ಇರಲಿಲ್ಲ. ಸಿಟ್ಟಿನಿಂದ ಮುಖ ತಿರುಗಿಸಿದ್ದಳು. ಅಷ್ಟರೊಳಗೆ ಒಂದು ಜೀವ ಹೋಗಿ ಬಂದಿತ್ತು.

ತೂತಿನ ಆಚೆ ದಡದಲ್ಲಿ ಒಂಟಿ ಚುಕ್ಕಿಯೊಂದಿತ್ತು. ಸ್ವಲ್ಪ ದೂರದಲ್ಲಿ ಇನ್ನೊಂದು. ಆಮೇಲೆ ಎಂದಿನ ಸಾಲು. ನಿಂತದ್ದನ್ನು ಮತ್ತೆ ಶುರುಮಾಡು ಎಂದು ಆ ಮೊದಲ ಚುಕ್ಕಿಗೆ ಯಾರು ಹೇಳಿದರು? ಅವಳು ಅದನ್ನೇ ನೋಡುತ್ತ ಕೂತಳು. ಕೈಮುಗಿಯಬೇಕೆನ್ನಿಸಿತು, ಯಾರಿಗೆಂದು ತಿಳಿಯಲಿಲ್ಲ.

ಹೊಸ ಪ್ರೋಗ್ರಾಂ ಡಾಕ್ಟರಿಗೆ ಕಳಿಸಿದಳು. ಈ ಸಲ ಅವರ ಪರದೆ ನಿಲ್ಲಲಿಲ್ಲ. ಫೋನ್ ಬಂತು.

"ಈಗಲೇ ಕರ್ಕೊಂಡು ಬನ್ನಿ. ಎದೆ ನಿಂತ್ರೆ ತಟ್ಟಿ ಎಬ್ಬಿಸೋ ಯಂತ್ರ ಇದೆ, ಒಳಗೆ ಕೂರಿಸ್ತೀವಿ. ಇನ್ನೊಂದ್ಸಲ ಅದೇ ಎದ್ದೇಳತ್ತೆ ಅಂತ ನಂಬ್ಕೊಂಡು ಕೂರೋ ಹಾಗಿಲ್ಲ."

ಟ್ಯಾಕ್ಸಿಯಲ್ಲಿ ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಸೊಸೆ ಅವರ ಮಣಿಕಟ್ಟು ಹಿಡಿದು, ಬೆರಳ ತುದಿಗೆ ಬರುವ ಒಂದೊಂದು ಬಡಿತವನ್ನೂ ಕಾಯುತ್ತ ಕೂತಿದ್ದಳು.

"ಏನೇ ಇದು, ಕಳ್ಳರನ್ನ ಹಿಡಿದ ಹಾಗೆ? ನಾನೇನು ಓಡಿಹೋಗ್ತೀನಾ?"

"ನಿನ್ನೆ ಹೋಗಿದ್ರಿ ಅತ್ತೆ" ಎಂದಳು ಸೊಸೆ. "ನಾನು ಅಲ್ಲೇ ಇದ್ದೆ. ನಂಗೆ ಗೊತ್ತೇ ಆಗ್ಲಿಲ್ಲ."

ಅತ್ತೆ ಅವಳ ಮುಖ ನೋಡಿದರು. ಕೈಯನ್ನು ಬಿಡಿಸಿಕೊಳ್ಳಲಿಲ್ಲ.