ಅವಳ ಹೆಸರಿನ ಬಾಡಿಗೆ ಕಾರು

ನೀಲಗಂಗಾ ನನ್ನ ಮ್ಯಾಟುಗಳನ್ನು ಹೋಟೆಲಿನ ಅಂಗಳದ ಕಟ್ಟೆಗೆ ಬಡಿದು ಮರಳು ಕೊಡವುತ್ತಿದ್ದಳು. ಹಿಂದಿನ ಸೀಟಿನವು ಮುಗಿದಿದ್ದವು, ಮುಂದಿನವು ಬಾಕಿ. ಎಡಮೊಣಕೈ ಊದಿದ್ದರಿಂದ ಒಂದೇ ಕೈಯಲ್ಲಿ ಬಡಿಯುತ್ತಿದ್ದಳು. ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಿದ್ದ ಗಂಡ ಶಿವಪುತ್ರಪ್ಪ, ಮರಳು ಉಳಿದರೆ ತೊಳೆಯುವ ಖರ್ಚೆಂದು ಬಾಡಿಗೆಯವರು ಸುಲಿಯುತ್ತಾರೆ ಎಂದು ಮತ್ತೆ ಮತ್ತೆ ನೆನಪಿಸುತ್ತಿದ್ದ.

ನಾನು ಒಂದು ಬಾಡಿಗೆ ಕಾರು. ದೂರದ ಕಾರ್ಖಾನೆಯೊಂದರಲ್ಲಿ ಯಂತ್ರದ ತೋಳುಗಳು ನನ್ನನ್ನು ಬೆಸೆದವು. ಹಡಗಿನ ಹೊಟ್ಟೆಯ ಕತ್ತಲಲ್ಲಿ ಬಂದು ಮಾರಿಷಸ್ ದ್ವೀಪದಲ್ಲಿ ಇಳಿದೆ. ಹೊಸದರಲ್ಲಿ ಮದುವೆಯಾದ ಜೋಡಿಗಳು ನನ್ನ ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಆಮೇಲೆ ಮೀನು ವ್ಯಾಪಾರಿಗಳು ಬಂದರು, ಕುಡಿದು ಹಾಡುವವರು ಬಂದರು. ಬಾಡಿಗೆಗೆ ತಂದದ್ದನ್ನು ಯಾರೂ ನೋಯದಂತೆ ನಡೆಸುವುದಿಲ್ಲ. ಕ್ಲಚ್ಚನ್ನು ತುಳಿಯುತ್ತಾರೆ, ಗುಂಡಿಗೆ ಇಳಿಸುತ್ತಾರೆ, ಕೊಟ್ಟು ಮರೆಯುತ್ತಾರೆ. ಈಗ ನನ್ನನ್ನು ಬಿಚ್ಚಿ ಬಿಡಿಭಾಗಗಳನ್ನು ಮಾರುತ್ತಿದ್ದಾರೆ. ಬಾಗಿಲುಗಳು ಹೋದವು, ಸೀಟುಗಳು ಹೋದವು. ಇಷ್ಟೆಲ್ಲ ಹೋದ ಮೇಲೂ ನೀಲಗಂಗಾಳ ಕೈ ನನಗೆ ನೆನಪಿದೆ.

ಅವರು ಹುಬ್ಬಳ್ಳಿಯಿಂದ ದ್ವೀಪ ನೋಡಲು ಬಂದವರು. ಅವನಿಗೆ ಕಬ್ಬಿಣದ ಸಾಮಾನಿನ ಅಂಗಡಿ. ಅವಳು ಎರಡು ಬಸ್ಸು ಬದಲಿಸಿ ಧಾರವಾಡದ ಶಾಲೆಗೆ ಹೋಗುವ ಟೀಚರು. ತನಗೆ ಯಾರೂ ಮೋಸ ಮಾಡಲಾರರೆಂಬುದು ಅವನ ಹೆಮ್ಮೆ. ಕಾರು ಬಾಡಿಗೆಯ ಕೌಂಟರಿನಲ್ಲಿ ದಾರಿ ತೋರಿಸುವ ಯಂತ್ರ ಬೇಡವೆಂದ, ಟ್ಯಾಂಕು ತಾನೇ ತುಂಬಿಸುತ್ತೇನೆಂದ, ಎಲ್ಲದರಲ್ಲೂ ಗೆದ್ದ. ಆದರೆ ಅವನ ಲೈಸೆನ್ಸಿನ ಅವಧಿ ಮುಗಿದಿತ್ತು. ಹೆಂಡತಿಯದು ಚಾಲ್ತಿಯಲ್ಲಿತ್ತು. ಕರಾರಿನಲ್ಲಿ ಹೆಸರಿದ್ದವರೇ ನಡೆಸುತ್ತಿದ್ದರೆ ಮಾತ್ರ ಹಾನಿಯನ್ನು ವಿಮೆ ತುಂಬುತ್ತದೆ, ಬೇರೆಯವರು ನಡೆಸಿದರೆ ಪೂರ್ತಿ ನಿಮ್ಮ ಮೇಲೆ ಎಂದು ಕೌಂಟರಿನ ಹೆಂಗಸು ತಿಳಿಸಿದಳು.

ಅವನು ಹೆಂಡತಿಯ ಕಿವಿಯಲ್ಲಿ ಹೇಳಿದ: "ಹೆಸರು ನಿಂದಿರ್ಲಿ, ಗಾಡಿ ನಾ ಹೊಡೀತೀನಿ. ಡ್ರೈವರ್‌ನ ಇಟ್ಕೊಂಡ್ರ ಬೋಳಸ್ತಾರ."

ಅವಳು ಸಹಿ ಮಾಡಿದಳು. ಸ್ಟೀರಿಂಗ್ ಅವನು ಹಿಡಿದ.

ಅವಳು ಮ್ಯಾಟು ಬಡಿದ ಹಿಂದಿನ ದಿನ, ಕಬ್ಬಿನ ಗದ್ದೆಗಳ ನಡುವಿನ ತಿರುವಿನಲ್ಲಿ ಅವನು ತಮ್ಮ ಮಾಂತೇಶನಿಗೆ ಫೋನಿನಲ್ಲಿ, ಎಷ್ಟು ಅಗ್ಗಕ್ಕೆ ಕಾರು ಹಿಡಿದೆನೆಂದು ಹೇಳುತ್ತಿದ್ದ. ನನ್ನ ಎಡಬದಿ ರಸ್ತೆ ಪಕ್ಕದ ಕಲ್ಲಿಗೆ ಹೋಗಿ ಬಡಿಯಿತು. ಅವನು ಇಳಿದು ಮೊದಲು ನೋಡಿದ್ದು ನನ್ನ ಬಾಗಿಲನ್ನು. ಆ ಬಾಗಿಲಿನ ಒಳಗೆ ಅವಳ ಮೊಣಕೈ ಇತ್ತು.

ಏನಾಯಿತೆಂದು ಫೋನಿನೊಳಗಿಂದ ಮಾಂತೇಶ ಕೂಗುತ್ತಿದ್ದ.

"ಏನಿಲ್ಲೋ. ನಮ್ಮಾಕಿ ಹೊಡೀಲಿಕ್ಕೆ ಹೋಗಿ ಕಲ್ಲಿಗೆ ತಂದು ಇಟ್ಳು."

"ವೈನಿ ಕೈಯಾಗ ಲಟ್ಟಣಿಗಿ ಕೊಡಬೇಕಪಾ ಅಣ್ಣಾ, ಸ್ಟೀರಿಂಗ್ ಯಾಕ ಕೊಟ್ಟಿ?"

ಅಣ್ಣತಮ್ಮಂದಿರು ನಕ್ಕರು. ನಗು ನಿಂತ ಮೇಲೆ ಶಿವಪುತ್ರಪ್ಪ, ಮನೆಯಲ್ಲಿರುವ ಹಳೇ ಕಾರನ್ನು ನಾಳೆಯೇ ಬಂದು ಒಯ್ಯಿ ಎಂದು ತಮ್ಮನಿಗೆ ಹೇಳಿದ. ಆ ಕಾರು ಅವಳಿಗೆಂದು ಮಾತಾಗಿತ್ತು. ಅದರಲ್ಲಿ ಧಾರವಾಡಕ್ಕೆ ಹೋಗಿಬರಲೆಂದೇ ಅವಳು ಡ್ರೈವಿಂಗ್ ಕಲಿತು ಲೈಸೆನ್ಸು ಪಡೆದಿದ್ದಳು.

ಮರುದಿನ ಕೊಡವಿದ ಮ್ಯಾಟು ಹಾಸಿ, ಸಾಮಾನು ತುಂಬಿ ಅವರು ಹೊರಟರು. ದಾರಿಯಲ್ಲಿ ಅವಳು ಒಂದೇ ಮಾತು ಕೇಳಿದಳು.

"ಹಳೇ ಗಾಡಿ ನನಗ ಅಂದಿದ್ರಲ್ಲರೀ?"

"ಕಲ್ಲಿಗೆ ಹಾಯಿಸಿದಾಕಿ ಕೈಯಾಗ ಯಾರರ ಗಾಡಿ ಕೊಡ್ತಾರೇನು?"

ಅವನು ನಗಲಿಲ್ಲ, ಕಣ್ಣು ತಪ್ಪಿಸಲೂ ಇಲ್ಲ. ದುಡ್ಡು ಉಳಿಸಲು ಹುಟ್ಟಿಸಿದ ಸುಳ್ಳು ಒಂದೇ ರಾತ್ರಿಯಲ್ಲಿ ಅವನಿಗೆ ನಿಜವಾಗಿ ಹೋಗಿತ್ತು. ಕಬ್ಬು ಮುಗಿದು ಊರು ಬಂತು.

ಬಾಡಿಗೆಯವರ ಗೇಟು ಕಾಣುವ ಮೊದಲೇ ಅವನು ಒಂದು ಮರದ ಕೆಳಗೆ ನನ್ನನ್ನು ನಿಲ್ಲಿಸಿದ. ಒಳಗೆ ಹೋಗುವಾಗ ಅವಳೇ ನಡೆಸುತ್ತಿರುವಂತೆ ಕಾಣಬೇಕಿತ್ತು. ಇಬ್ಬರೂ ಜಾಗ ಬದಲಿಸಿದರು. ಅವನು ಪಾಠ ಒಪ್ಪಿಸಿಕೊಂಡ.

"ಯಾರು ಹೊಡೀತಿದ್ರಿ ಅಂತ ಕೇಳಿದ್ರ?"

"ನಾನ ಹೊಡೀತಿದ್ದೆ ಅಂತ."

ಅವಳು ಸೀಟನ್ನು ಮುಂದೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು. ಊದಿದ ಕೈಯಲ್ಲೇ ಗೇರು ಹಾಕಿದಳು. ನೋವಿಗೆ ಉಸಿರು ಹಿಡಿದಳೇ ಹೊರತು ಗೇರು ಕಿರುಗುಟ್ಟಲಿಲ್ಲ. ಬ್ರೇಕ್, ಬ್ರೇಕ್, ಕಣ್ಣು ಎಲ್ಲಿ ಇಟ್ಟೀ ಎಂದು ಪಕ್ಕದಲ್ಲಿ ಅವನು ಒಂದೇ ಸಮನೆ ಹೇಳುತ್ತಿದ್ದ. ಅವಳು ನನ್ನನ್ನು ಗೇಟು ದಾಟಿಸಿ, ಎರಡು ಬಿಳಿ ಗೆರೆಗಳ ನಡುವೆ ತಂದು ನಿಲ್ಲಿಸಿದಳು. ಇಂಜಿನ್ ಆರಿಸಿದ ಮೇಲೂ ಅವಳ ಬೆರಳುಗಳು ಸ್ಟೀರಿಂಗ್ ಬಿಡಲಿಲ್ಲ.

ಕೌಂಟರಿನ ಹೆಂಗಸು ನನ್ನ ಜಜ್ಜಿದ ಬಾಗಿಲನ್ನು ದೂರದಿಂದಲೇ ಕಂಡು ಇತ್ತ ನಡೆದು ಬರುತ್ತಿದ್ದಳು.

ಹಿಡಿದ ಕೈಯಲ್ಲಿ ಮನುಷ್ಯರ ಮನಸ್ಸು ನಮಗೆ ತಿಳಿಯುತ್ತದೆ. ನಿಜ ಹೇಳುವುದೆಂದು ಅವಳು ಅಷ್ಟರಲ್ಲಿ ನಿರ್ಧರಿಸಿಯಾಗಿತ್ತು. ಅವನು ಎಷ್ಟು ತೆರಬೇಕಾದೀತು, ಮನೆಗೆ ಹೋದ ಮೇಲೆ ತಾನು ಎಷ್ಟು ತೆರಬೇಕಾದೀತು, ಎರಡೂ ಅವಳಿಗೆ ಗೊತ್ತಿತ್ತು.

ಕಿಟಕಿಯ ಗಾಜು ಇಳಿಸುವ ಮೊದಲು, ಇನ್ನೊಮ್ಮೆ ಹೇಳು ನೋಡೋಣ ಎಂದ ಗಂಡ. ಅವಳು ಅವನು ಕಲಿಸಿದ್ದನ್ನೇ, ಮೊದಲಿಗಿಂತ ಚೊಕ್ಕವಾಗಿ, ಒಪ್ಪಿಸಿದಳು.