ಓರಗಿತ್ತಿಯ ಸೈಕಲ್ ಟೇಪು

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಸಂಜೆ ತರಗತಿಯಲ್ಲಿ ಕಲಿತವಳು ನಾನು. ಒಂದು ವಾಕ್ಯ ಬರೆದು ಮೂರು ಸಲ ತಿದ್ದುವವಳು. ಅದರ ಮೇಲೆ ಇದು ಮನೆಯೊಳಗಿನ ಮಾತು. ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ.

ಹಳೆಯ ವಿಡಿಯೋ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ಅಂಗಡಿಯಲ್ಲಿ ಮಾಲೀಕರು ಮತ್ತು ನಾನು, ಇಬ್ಬರೇ. ಒಂದು ಗಂಟೆಯ ಟೇಪು ಇಳಿಯಲು ಒಂದು ಗಂಟೆಯೇ ಬೇಕು. ಅಷ್ಟು ಹೊತ್ತೂ ಎದುರಿಗೆ ಕೂತು ನೋಡುತ್ತಿರಬೇಕು. ಹಾಗಾಗಿ ಮಾವ ತಮ್ಮ ಏಳು ಟೇಪುಗಳನ್ನು ಚೀಲದಲ್ಲಿ ತುಂಬಿ ಕೊಟ್ಟಾಗ, ಇಡೀ ವಾರ ನಾನು ನೋಡಿದ್ದು ನನ್ನ ಓರಗಿತ್ತಿಯನ್ನು.

ಮಾವ ಕ್ಯಾಮೆರಾ ಕೊಂಡದ್ದು ಅವಳು ಸೊಸೆಯಾಗಿ ಬಂದ ವರ್ಷ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅಕ್ಕ ಗಿಡಕ್ಕೆ ನೀರು ಹಾಕುವುದು, ಅಕ್ಕ ಕಿಟಕಿ ಒರೆಸುವುದು, ಅಕ್ಕ ಮೆಟ್ಟಿಲ ಮೇಲೆ ಕೂತು ಏನೂ ಮಾಡದಿರುವುದು. ನಾನು ಬರುವ ಹೊತ್ತಿಗೆ ಮಾವನಿಗೆ ಕ್ಯಾಮೆರಾ ಸಾಕಾಗಿತ್ತು. ನನ್ನ ಪಾಲಿಗೆ ಬಂದದ್ದು ಏಳನೆಯ ಟೇಪಿನ ಕೊನೆಯ ಆರು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ಬರೀ ನನ್ನ ಬೆನ್ನು, ಬಟ್ಟೆ ಒಣಹಾಕುತ್ತಿದ್ದೇನೆ. ಆಮೇಲೆ ಮಾವನ ದನಿ ಕೇಳುತ್ತದೆ: "ಸ್ವಲ್ಪ ಪಕ್ಕಕ್ಕೆ ಸರಿಯಮ್ಮ, ಅವಳು ಕಾಣ್ತಿಲ್ಲ." ಸರಿದವಳು ನಾನು.

ಮೂರನೆಯ ಟೇಪಿಗೆ ಬೂಷ್ಟು ಹಿಡಿದಿತ್ತು ಎಂದು ಕೊನೆಗೆ ಇಟ್ಟುಕೊಂಡಿದ್ದೆ. ಅಂಥದ್ದನ್ನು ಮೊದಲು ಕೈಯಲ್ಲಿ ಸುತ್ತುತ್ತ ಒರೆಸಬೇಕು. ಇಲ್ಲದಿದ್ದರೆ ಬೂಷ್ಟಿನ ಪುಡಿ ಟೇಪನ್ನು ಓದುವ ಯಂತ್ರದ ಹೆಡ್ಡಿಗೆ ಮೆತ್ತಿಕೊಂಡು ಪರದೆಯ ತುಂಬ ಬಿಳಿ ಚುಕ್ಕಿಗಳೇ ಕಾಣುತ್ತವೆ. ಇದು ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಕಲಿತ ಪಾಠ. ಆದರೂ ಭಾನುವಾರ ಯಂತ್ರವನ್ನು ಮನೆಗೇ ತಂದು, ಒರೆಸದ ಟೇಪನ್ನು ಹಾಕಿ, ಎಲ್ಲರೆದುರು ಹತ್ತು ನಿಮಿಷ ಆ ಚುಕ್ಕಿಗಳನ್ನು ಓಡಿಸಿದೆ. ಇದು ಹಾಳಾಗಿದೆ, ಏನೂ ಉಳಿದಿಲ್ಲ ಎಂದೆ. ಹೇಳುವಾಗ ನಾಲಿಗೆ ತಡವರಿಸಲಿಲ್ಲ.

ಮಾವ ಪೆಚ್ಚಾದರು. ಅತ್ತೆ ಮಾತ್ರ, ಮಿಕ್ಕ ಆರರಲ್ಲೂ ಇವಳೇ ತಾನೇ ಇರುವುದು, ನಮ್ಮ ಮನೆಯ ಹೀರೋಯಿನ್ನಿಗೆ ಒಂದು ಸಿನಿಮಾ ಕಡಿಮೆಯಾದರೆ ನಷ್ಟವಿಲ್ಲ ಎಂದು ನಗಿಸಿದರು. ಓರಗಿತ್ತಿ ನಗಲಿಲ್ಲ. ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು.

"ಅದ್ರಲ್ಲಿ ಅಪ್ಪ ಇದ್ರು ಕಣೆ. ನಂಗೆ ಸೈಕಲ್ ಕಲಿಸೋಕೆ ಬಂದಿದ್ರಲ್ಲ, ಆವತ್ತಿನದು. ಫೋಟೋ ಬೇಕಾದಷ್ಟಿದೆ. ಅವ್ರು ನಡೆಯೋದು ಎಲ್ಲೂ ಇಲ್ಲ."

ಅವಳ ಅಪ್ಪ ತೀರಿಕೊಂಡು ಎಂಟು ವರ್ಷವಾಗಿದೆ. ನಿಜ ಹೇಳಬಹುದಿತ್ತು. ಇನ್ನೊಂದು ಸಲ ಪ್ರಯತ್ನಿಸುತ್ತೇನೆ ಎಂದಷ್ಟೇ ಹೇಳಿದೆ.

ಮರುದಿನ ಮೂರು ಗಂಟೆ ಕೂತು ಟೇಪನ್ನು ಒರೆಸಿದೆ. ಹೆಡ್ಡನ್ನೂ ಸ್ಪಿರಿಟ್ಟಿನಲ್ಲಿ ತೊಳೆದೆ. ಚಿತ್ರ ಬಂತು. ಓಣಿಯಲ್ಲಿ ಅಕ್ಕ ಸೈಕಲ್ ಮೇಲೆ ವಾಲಾಡುತ್ತಿದ್ದಾಳೆ. ಸೀಟು ಹಿಡಿದು ಹಿಂದೆ ವಯಸ್ಸಾದವರೊಬ್ಬರು ಓಡುತ್ತಿದ್ದಾರೆ. ಆಮೇಲೆ ಕೈಬಿಟ್ಟು, ಕನ್ನಡಕ ಒರೆಸಿಕೊಳ್ಳುತ್ತ ಕ್ಯಾಮೆರಾದತ್ತ ನಡೆದು ಬರುತ್ತಾರೆ. ಅಷ್ಟರಲ್ಲಿ ಪರದೆಗೆ ಅಡ್ಡಲಾಗಿ, ಸರಿಯಾಗಿ ಅವರ ಮುಖದ ಮೇಲೆ, ಒಂದು ದಪ್ಪ ಬಿಳಿ ಗೆರೆ. ಅವರು ದಾಟಿ ಹೋಗುವವರೆಗೂ ಅದು ಅಳಿಸಿಹೋಗಲಿಲ್ಲ.

ಗೆರೆಯನ್ನು ಮಾಲೀಕರಿಗೆ ತೋರಿಸಿದೆ. ಕೊಳೆಯಾದ ಯಂತ್ರ ಗೀರಿದರೆ ಹೀಗಾಗುತ್ತದೆ ಎಂದರು. ಎಷ್ಟೋ ವರ್ಷದ ಹಿಂದೆ ಮನೆಯ ಹಳೇ ಪ್ಲೇಯರಿನಲ್ಲೇ ಆಗಿರಬಹುದು ಎಂದೂ ಸೇರಿಸಿದರು. ಭಾನುವಾರದ ಸಂಗತಿಯನ್ನು ನಾನು ಅವರಿಗೆ ಹೇಳಲಿಲ್ಲ.

ಓರಗಿತ್ತಿ ಅದನ್ನು ನಾಲ್ಕು ಸಲ ನೋಡಿದಳು. ಗೆರೆ ಬಿದ್ದಿರುವುದಕ್ಕೆ ನಾನು ಏನೋ ತೊದಲಿದೆ. "ಮುಖ ಬಿಡು, ಮುಖ ನಂಗೆ ಗೊತ್ತು," ಎಂದು ನನ್ನ ಕೈ ಹಿಡಿದುಕೊಂಡಳು. ಅವಳ ಕೈ ಬೆಚ್ಚಗಿತ್ತು. ಆಗಲೂ, ಹೇಳಲು ನಾಚಿಕೆಯಾಗುತ್ತದೆ, ನನ್ನ ಹೊಟ್ಟೆ ಉರಿಯಿತು. ಮದುವೆಯಾದ ಮಗಳ ಹಿಂದೆ ಆ ವಯಸ್ಸಿನಲ್ಲಿ ಅವರು ಓಡಿದ್ದರು. ನನ್ನ ಹಿಂದೆ ಯಾರೂ ಓಡಿದವರಿಲ್ಲ.

ಅವಳಿಗೆ ನಾನು ಇನ್ನೂ ಏನೂ ಹೇಳಿಲ್ಲ. ಆ ಗೆರೆ ಮೊದಲೇ ಇತ್ತೋ, ಆ ಹತ್ತು ನಿಮಿಷದಲ್ಲಿ ನಾನೇ ಎಳೆದೆನೋ, ನನಗೆ ಗೊತ್ತಿಲ್ಲ.