ಸಂಜೆ ಕಾಫಿಯ ಸುತ್ತೋಲೆ

"ಈ ಮೂಲಕ ಮನೆಯ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ," ಎಂದು ಗಂಗಾಧರಯ್ಯನವರು ರೇಡಿಯೋ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡರು, "ನಾಳೆಯಿಂದ ಮುಂದಿನ ಆದೇಶದವರೆಗೆ ಸಂಜೆ ಕಾಫಿಯನ್ನು ರದ್ದುಪಡಿಸಲಾಗಿದೆ."

ಮನೆಯ ಸಮಸ್ತರು ಎಂದರೆ ಹೆಂಡತಿ ಕಮಲಾಕ್ಷಮ್ಮ ಒಬ್ಬರೇ. ಮಗಳು ವತ್ಸಲಾ ಮದುವೆಯಾಗಿ ದಾವಣಗೆರೆ ಸೇರಿದ್ದಳು. ಸಮಸ್ತರು ಆಗ ಮೊಣಕಾಲ ಮೇಲೆ ಮೊರ ಇಟ್ಟುಕೊಂಡು ರೇಷನ್ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು.

"ಯಾಕಂತೆ?"

"ಕಾಫಿಪುಡಿ ರೇಟ್ ನೋಡಿದ್ಯಾ? ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಗಿಡ ಎಲ್ಲಾ ಸುಟ್ಟೋಯ್ತಂತೆ. ಪೇಪರ್‌ನಲ್ಲೇ ಬಂದಿದೆ."

"ಅಲ್ಲಿ ಹಿಮ ಬಿದ್ರೆ ವಿಜಯನಗರದಲ್ಲಿ ಯಾಕ್ರೀ ನೆಗಡಿ?"

ಅದು ಎಪ್ಪತ್ತೇಳನೇ ಇಸವಿ, ಯುಗಾದಿಗೆ ಇನ್ನು ನಾಲ್ಕೈದು ದಿನ. ಸರ್ಕಾರಿ ಕಚೇರಿಯಲ್ಲಿ ಸುತ್ತೋಲೆಗಳ ಕರಡು ಬರೆದು ಬರೆದೇ ತಲೆ ನರೆಸಿಕೊಂಡ ಗಂಗಾಧರಯ್ಯನವರು ನೆಗಡಿಯ ಪ್ರಶ್ನೆಯನ್ನು ಬದಿಗಿಟ್ಟು ಮುಂದುವರಿದರು. ಯೋಜನೆ ದೊಡ್ಡದಿತ್ತು.

"ಉಳಿದಿದ್ದರಲ್ಲಿ ಮುಂದಿನ ಬೇಸಿಗೆಗೆ ಒಂದು ಟೇಬಲ್ ಫ್ಯಾನು. ನಿನಗೇ ಕಣೇ. ಒಲೆ ಮುಂದೆ ಬೇಯ್ತಾ ಇರ್ತೀಯ."

"ಕಿಟಕಿ ತೆಗೆದ್ರೆ ಗಾಳಿ ಪುಕ್ಕಟೆ ಬರುತ್ತೆ. ಸರಿ, ನೆಂಟರು ಬಂದ್ರೆ?"

"ನೆಂಟರಿಗೆ ವಿನಾಯಿತಿ. ಮನೆ ಮರ್ಯಾದೆ ಪ್ರಶ್ನೆ."

"ಅವರು ಕುಡೀತಿದ್ರೆ ನಾನು ಬಾಯಿ ಒಣಗಿಸ್ಕೊಂಡು ನೋಡ್ತಾ ಕೂರ್ಲಾ?"

"ಜೊತೆಗೆ ಕೂತೋರಿಗೂ ಅರ್ಧ ಲೋಟ. ಸೇರಿಸ್ಕೊ."

"ಯಾರ್ನ ನೆಂಟರು ಅಂತ ಲೆಕ್ಕಕ್ಕೆ ತಗೊಳ್ಳೋದು?"

"ಹೊರಗಿಂದ ಬಂದು ಬಾಗಿಲು ತಟ್ಟಿದೋರೆಲ್ಲ ನೆಂಟರೇ," ಎಂದು ಗಂಗಾಧರಯ್ಯನವರು ಉದಾರವಾಗಿ ಹೇಳಿ, ಸಭೆ ಮುಗಿಸಿದರು.

ಅಲ್ಲಿಯವರೆಗೆ ಆ ಮನೆಯಲ್ಲೊಂದು ಪದ್ಧತಿ ಇತ್ತು. ಅವರು ಮಾರೇನಹಳ್ಳಿ ಸ್ಟಾಪಿನಲ್ಲಿ ಬಸ್ಸಿಳಿದು ಬರುವಷ್ಟರಲ್ಲಿ ಕಮಲಾಕ್ಷಮ್ಮ ಡಿಕಾಕ್ಷನ್ ಇಳಿಸಿರುತ್ತಿದ್ದರು. ಇಬ್ಬರೂ ಮುಂದಿನ ಜಗಲಿಯಲ್ಲಿ ಲೋಟ ಹಿಡಿದು ಕೂರುತ್ತಿದ್ದರು. ನಲ್ಲಿ ನೀರು ಬಂದದ್ದು, ಮಗಳ ಕಾಗದ, ಮೇಲಧಿಕಾರಿಯ ಹೊಸ ವಿಗ್ಗು, ಎಲ್ಲ ಅಲ್ಲೇ ವಿಲೇವಾರಿ. ಈಗ ಕಾಫಿಯ ಬದಲಿಗೆ ಕೊತ್ತಂಬರಿ ಕಷಾಯ ಬಂತು. ಕಷಾಯ ಕುಡಿಯಲು ಯಾರೂ ಜಗಲಿಯಲ್ಲಿ ಕೂರುವುದಿಲ್ಲ. ಕಣ್ಣು ಮುಚ್ಚಿ, ನಿಂತೇ ಮುಗಿಸುತ್ತಾರೆ. ಗಂಗಾಧರಯ್ಯನವರು ಕುಡಿದು ಪೇಪರ್ ಬಿಡಿಸುತ್ತಿದ್ದರು. ಅವರ ಹೆಂಡತಿ ಲೋಟ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು. ಉಳಿಸಿದ ಕಾಫಿ ದುಡ್ಡು ಹಾಕಿಡುವ ಹಾರ್ಲಿಕ್ಸ್ ಬಾಟಲಿಯಲ್ಲಿ ಫ್ಯಾನಿನ ರೆಕ್ಕೆಗಳು ಮೆಲ್ಲಗೆ ಬಲಿಯುತ್ತಿದ್ದವು, ಮನೆ ಮಾತ್ರ ಗಾಳಿಯಿಲ್ಲದೆ ನಿಂತಿತ್ತು.

ಹಬ್ಬ ಕಳೆದ ಮೇಲೆ ಅನ್ನದಲ್ಲಿ ಕಲ್ಲು ಸಿಗತೊಡಗಿತು.

"ಆ ರೇಷನ್ ಅಂಗಡಿಯವನು ಅಕ್ಕಿ ಮಾರ್ತಾನೋ, ಜಲ್ಲಿ ಮಾರ್ತಾನೋ?" ಎಂದು ಗಂಗಾಧರಯ್ಯನವರು ದವಡೆ ಹಿಡಿದುಕೊಂಡರು. ಕಮಲಾಕ್ಷಮ್ಮ ಇನ್ನೊಂದು ಸೌಟು ಸಾರು ಬಡಿಸಿದರು.

ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಪಕ್ಕದ ಮನೆಯ ಜಂಬಣ್ಣ ಸಿಕ್ಕಿದ.

"ಏನ್ ಸಾರ್, ಅಕ್ಕೋರ ಕನ್ನಡಕ ಬಂತಾ?"

"ಯಾವ ಕನ್ನಡಕ?"

"ಅದೇ ಸಾರ್, ಕಣ್ಣು ಮಂಜಾಗ್ತಿದೆ ಅಂತ ನಮ್ಮೋಳ್ ಜೊತೆ ಡಾಕ್ಟರ್ ಹತ್ರ ಹೋಗಿದ್ರಲ್ಲ. ಅಯ್ಯೋ, ನಿಮ್ಗೆ ಗೊತ್ತಿಲ್ವಾ?"

"ಗೊತ್ತು, ಗೊತ್ತು," ಎಂದರು ಗಂಗಾಧರಯ್ಯನವರು. ನಾಲಿಗೆ ತಾನಾಗಿಯೇ ಹೋಗಿ ಕಲ್ಲು ಕಡಿದ ಹಲ್ಲನ್ನು ಮುಟ್ಟಿಕೊಂಡಿತು. ಬಸ್ಸು ಬಂದು, ಜಂಬಣ್ಣನನ್ನು ಹತ್ತಿಸಿಕೊಂಡು ಹೋಯಿತು. ಇವರು ಮುಂದಿನ ಬಸ್ಸಿಗೆ ಹೋದರು.

ಸಂಜೆ ಕಷಾಯದ ಲೋಟವನ್ನು ಕೈಗೆ ತೆಗೆದುಕೊಳ್ಳದೆ ಕೇಳಿದರು, "ಕಣ್ಣಿನ ವಿಷಯ ನಂಗ್ಯಾಕೆ ಹೇಳ್ಲಿಲ್ಲ?"

"ಯಾವಾಗ ಹೇಳ್ಲಿ? ಹೇಳೋ ಹೊತ್ತನ್ನೇ ರದ್ದು ಮಾಡಿದ್ರಲ್ಲ." ಅದರಲ್ಲಿ ಸಿಟ್ಟಿರಲಿಲ್ಲ. ಹಾಲಿನವನು ಇವತ್ತು ಬರಲಿಲ್ಲ ಎನ್ನುವ ಹಾಗೆ ಹೇಳಿ ಕಮಲಾಕ್ಷಮ್ಮ ಒಲೆಯ ಕಡೆ ತಿರುಗಿದರು.

ಗಂಗಾಧರಯ್ಯನವರು ಆದೇಶ ವಾಪಸ್ ಪಡೆಯಬಹುದಿತ್ತು. ಆದರೆ ಹೊರಡಿಸಿದ ಸುತ್ತೋಲೆಯನ್ನು ಹಿಂತೆಗೆದುಕೊಳ್ಳುವುದು ಅವರ ಸರ್ವಿಸಿನಲ್ಲೇ ನಡೆದಿರಲಿಲ್ಲ. ತಪ್ಪಿದ್ದರೆ ಅದರೊಳಗೇ ಒಂದು ಸಂದು ಹುಡುಕಿ ನುಸುಳುವುದು ಕಚೇರಿಯ ಕ್ರಮ. ಅವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಆಮೇಲೆ ತಟ್ಟಿದರು.

"ಯಾರು?"

"ನೆಂಟರು."

ಒಳಗೆ ಬಳೆಗಳು ಸಣ್ಣಗೆ ಅಲುಗಿದವು.

"ಯಾವೂರಾಯ್ತು?"

"ಹೆಗ್ಗನಹಳ್ಳಿ."

ಬಾಗಿಲು ತೆರೆಯಿತು. "ಬನ್ನಿ, ಬನ್ನಿ. ನಮ್ಮನೆಯವರು ಇನ್ನೂ ಬಂದಿಲ್ಲ. ಕೂತ್ಕೊಳ್ಳಿ, ಕಾಫಿ ಮಾಡ್ತೀನಿ." ಕಮಲಾಕ್ಷಮ್ಮನವರ ಮುಖದಲ್ಲಿ ನಗು ಇರಲಿಲ್ಲ, ಸೆರಗಿನ ತುದಿ ಮಾತ್ರ ಬಾಯಿಗೆ ಅಡ್ಡವಿತ್ತು.

ನೆಂಟರು ಜಗಲಿಯ ಅಂಚಿನಲ್ಲಿ ಸಂಕೋಚದಿಂದ ಕೂತರು. ಮನೆಗೆಲ್ಲ ಡಿಕಾಕ್ಷನ್ನಿನ ವಾಸನೆ ಹಬ್ಬಿತು. ಅವರಿಗೆ ತುಂಬಿದ ಲೋಟ ಬಂತು, ಕಮಲಾಕ್ಷಮ್ಮನಿಗೆ ಅರ್ಧ.

"ನಿಮಗೆ ಅಷ್ಟೇನಾ?"

"ಹೂಂ, ಇಲ್ಲಿ ಕಾನೂನು ಬಿಗಿ."

ನೆಂಟರು ತಮ್ಮ ಲೋಟದಿಂದ ಕಮಲಾಕ್ಷಮ್ಮನವರ ಲೋಟಕ್ಕೆ ಸುರಿದರು, ಎರಡೂ ಸಮ ಆಗುವ ತನಕ. "ಕಣ್ಣು ಯಾವಾಗಿಂದ ಮಂಜು?"

"ಯುಗಾದಿಯಿಂದ. ಹಬ್ಬದ ದಿನ ಚಂದ್ರನೇ ಕಾಣ್ಲಿಲ್ಲ, ಇವರು ಅಲ್ಲಿದೆ ನೋಡು ಅಂದ್ರು, ನಾನೂ ಹೂಂ ಅಂದೆ. ಅನ್ನದಲ್ಲಿ ಕಲ್ಲು ಸಿಕ್ರೆ ಪಾಪ, ರೇಷನ್ ಅಂಗಡಿಯವನ್ನ ಬೈತಾರೆ."

"ದಡ್ಡ ಮನುಷ್ಯ, ಬಿಡಿ."

"ಹಾಗನ್ಬೇಡಿ. ನಂಗೆ ಫ್ಯಾನ್ ತರ್ತಾರಂತೆ."

"ಫ್ಯಾನ್ ಎಲ್ಲಿ ಬರುತ್ತೆ ಇನ್ನು?" ಎಂದ ನೆಂಟರು ಎದ್ದು, ಒಳಗಿದ್ದ ಅಕ್ಕಿಯ ಮೊರ ತಂದು ತಮ್ಮ ಮೊಣಕಾಲ ಮೇಲೆ ಇಟ್ಟುಕೊಂಡರು. "ಮೊದಲು ಕನ್ನಡಕ."

"ನೆಂಟರ ಕೈಲಿ ಕೆಲಸ ಮಾಡಿಸ್ತಾರೇನ್ರೀ?" ಎಂದರೂ ಕಮಲಾಕ್ಷಮ್ಮ ಮೊರ ಕಸಿದುಕೊಳ್ಳಲಿಲ್ಲ. ಒಂದು ಗುಟುಕು ಕುಡಿದು ಕೇಳಿದರು, "ನಾಳೆನೂ ಬರ್ತೀರಾ?"

"ಇದೇ ಹೊತ್ತಿಗೆ."

ಒಂದು ಕಲ್ಲು ಸಿಕ್ಕಿತು. ಅದನ್ನು ಅಂಗಳಕ್ಕೆ ಎಸೆದರು. ಮೆಟ್ಟಿಲ ಕೆಳಗೆ, ನೆಂಟರು ಬಿಡುವ ಜಾಗದಲ್ಲಿ, ಗಂಗಾಧರಯ್ಯನವರ ಚಪ್ಪಲಿಗಳು ಪಕ್ಕಪಕ್ಕದಲ್ಲಿ ಕೂತಿದ್ದವು.